ಮುನಿರತ್ನಮ್ಮನ ಸ್ಲೈಡಿನಿಂದ ಬಂದ ವಾಸನೆ

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ಧೈರ್ಯವಾಗಿ ಹೇಳಲಾರೆ. ನಾನು ಹುಟ್ಟಿ ಬೆಳೆದದ್ದು ಉರಿಗಾಮಿನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಸುರಂಗದಲ್ಲಿ ಸತ್ತವರು ಪಾಳಿ ಮುಗಿದ ಹೊತ್ತಿಗೆ ಮೇಲೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ ಎಂಬಂಥ ಕಥೆಗಳನ್ನು ಕೇಳಿಕೊಂಡೇ ಅಲ್ಲಿಯ ಮಕ್ಕಳು ನಿದ್ದೆಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಆ ಮಾತುಗಳಿಗೆ ಜಾಗವಿರಲಿಲ್ಲ. ಅಪ್ಪ ಅಲ್ಲಿಯ ಮೈಸೂರು ಮೈನ್ಸ್ ಎಂಬ ಗಣಿಯಲ್ಲಿ ಕೆಳಗಿಳಿದು ದುಡಿದವರು. "ಕೆಳಗೆ ಬಿಸಿ ಐತೆ, ಧೂಳೈತೆ. ಇನ್ನೇನೂ ಇಲ್ಲ" ಎನ್ನುತ್ತಿದ್ದರು. ಮುಂದೆ ನಾನು ಡಾಕ್ಟರಾಗಿ, ಅದರಲ್ಲೂ ರೋಗಶಾಸ್ತ್ರ ಹಿಡಿದ ಮೇಲೆ, ಗಾಜಿನ ಮೇಲಿಟ್ಟು ನೋಡಲಾಗದ್ದು ಇಲ್ಲವೇ ಇಲ್ಲ ಎನ್ನುವ ಸ್ವಭಾವ ಗಟ್ಟಿಯಾಯಿತು. ಯಾರಾದರೂ ಶಕುನ, ಮುನ್ಸೂಚನೆ ಎಂದರೆ ಎದುರಿಗೆ ನಗುತ್ತಿರಲಿಲ್ಲ, ಮನೆಗೆ ಬಂದು ನಗುತ್ತಿದ್ದೆ.

ಆದ್ದರಿಂದ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಮೊದಲು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಆಂಡರ್ಸನ್‌ಪೇಟೆಯ ಒಂದು ಹಳೆ ಕಟ್ಟಡದ ಮಹಡಿಯ ಮೇಲೆ ನನ್ನ ಲ್ಯಾಬು. ಕೆಳಗೆ ಶಾಲೆ ಮಕ್ಕಳ ಪುಸ್ತಕ, ಪೆನ್ಸಿಲು ಮಾರುವ ಅಂಗಡಿ, ಪಕ್ಕದಲ್ಲಿ ಟೀ ಅಂಗಡಿ. ಸುತ್ತಲ ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ ಆಪರೇಷನ್ ಮಾಡಿ ತೆಗೆದ ತುಂಡುಗಳು, ಕೊಳೆಯದಂತೆ ಫಾರ್ಮಲಿನ್ ತುಂಬಿದ ಸೀಸೆಗಳಲ್ಲಿ ನಮ್ಮಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಹೂತು, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಸ್ಲೈಡು ಎನ್ನುವ ಗಾಜಿನ ಪಟ್ಟಿಗೆ ಅಂಟಿಸಿ, ನೀಲಿ ಗುಲಾಬಿ ಬಣ್ಣ ಹಾಕಿ ಕೊಡುವವಳು ಸ್ಟೆಲ್ಲಾ. ಚಾಂಪಿಯನ್ ರೀಫ್ಸಿನ ತಮಿಳು ಹುಡುಗಿ, ಈಗ ಅವಳಿಗೂ ತಲೆ ನರೆತಿದೆ. ಅವಳು ಕೊಟ್ಟದ್ದನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಇದು ಇಂಥದ್ದು ಎಂದು ಬರೆಯುವವಳು ನಾನು. ರೋಗಿಯ ಮುಖವನ್ನು ನಾವು ನೋಡುವುದು ಕಡಿಮೆ. ಅವರ ಒಳಗನ್ನು ಕಂಡಿರುತ್ತೇವೆ, ಎದುರಿಗೆ ಬಂದರೆ ಗುರುತು ಸಿಗುವುದಿಲ್ಲ.

ಈ ಕೆಲಸ ಹಿಡಿದವರ ಮೂಗು ಬೇಗ ಹಾಳಾಗುತ್ತದೆ. ವರ್ಷಗಟ್ಟಲೆ ಫಾರ್ಮಲಿನ್ ಹಬೆಯಲ್ಲಿ ಕೂತು ನನ್ನ ಮೂಗು ಅರ್ಧ ಸತ್ತೇಹೋಗಿದೆ. ಒಗ್ಗರಣೆ ಸೀದರೆ ನನಗಿಂತ ಮೊದಲು ಪಕ್ಕದ ಮನೆಯವರಿಗೆ ತಿಳಿಯುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದೆಲ್ಲ ನಡೆದದ್ದು ಇಂಥ ಮೂಗಿಗೆ.

ಮೂಗಿನ ಪಾಲಿಪ್ ಭಯಪಡುವಂಥ ಕಾಯಿಲೆಯಲ್ಲ. ಮೂಗಿನ ಒಳಪೊರೆಯೋ, ಕೆನ್ನೆ ಮತ್ತು ಹುಬ್ಬಿನ ಮೂಳೆಗಳಲ್ಲಿರುವ ಸೈನಸ್ ಎಂಬ ಟೊಳ್ಳುಗಳ ಪೊರೆಯೋ ಬಹುಕಾಲ ಕೆರಳಿ, ನೀರು ತುಂಬಿಕೊಂಡು ಜೋತುಬೀಳುತ್ತದೆ. ಸೀಸೆಯಲ್ಲಿ ಅದು ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಕಾಣುತ್ತದೆ. ಅದು ಗಾಳಿಗೆ ಅಡ್ಡ ನಿಂತಾಗ ಜನ ಬಾಯಲ್ಲಿ ಉಸಿರಾಡತೊಡಗುತ್ತಾರೆ. ವಾಸನೆ ಹೋಗುತ್ತದೆ, ಅದರ ಹಿಂದೆಯೇ ರುಚಿಯೂ ಹೋಗುತ್ತದೆ. ನಮ್ಮ ಕೆಲಸ ಇಷ್ಟು: ಈ ದ್ರಾಕ್ಷಿಯ ವೇಷದಲ್ಲಿ ಬೇರೆ ಏನಾದರೂ ಬಂದು ಕೂತಿದೆಯೇ? ಬೂಷ್ಟಿನ ಎಳೆಗಳೋ, ಮೂಳೆಯನ್ನೇ ಕೊರೆಯುವ ಗಂಟೋ, ಕ್ಯಾನ್ಸರೋ? ಬಹಳಮಟ್ಟಿಗೆ ಏನೂ ಇರುವುದಿಲ್ಲ. "ಅಪಾಯಕಾರಿಯಲ್ಲ" ಎಂದು ಬರೆದು ಮುಂದಿನದಕ್ಕೆ ಕೈಹಾಕುತ್ತೇವೆ.

ಮುನಿರತ್ನಮ್ಮನ ಸೀಸೆಯನ್ನು ತಂದವನು ಅವಳ ಗಂಡ ಕೃಷ್ಣಪ್ಪ. ಬಂಗಾರಪೇಟೆಯಿಂದ ಸ್ವಲ್ಪ ದೂರದ ಹಳ್ಳಿ ಅವರದು. ಸ್ವಲ್ಪ ಹೊಲ, ಒಂದೆರಡು ಹಸು. ಅವನು ದಿನಾ ನಸುಕಿನ ರೈಲು ಹಿಡಿದು ಬೆಂಗಳೂರಿನ ಯಾವುದೋ ಗೋದಾಮಿಗೆ ಕಾವಲಿಗೆ ಹೋಗಿ ಸಂಜೆ ವಾಪಸಾಗುತ್ತಿದ್ದ. ರಜೆಯ ದಿನ ನೋಡಿಕೊಂಡು, ಸೀಸೆಯನ್ನು ಟವೆಲ್ಲಿನಲ್ಲಿ ಸುತ್ತಿ, ಊಟದ ಬ್ಯಾಗಿನಲ್ಲಿಟ್ಟುಕೊಂಡು ಮಾರಿಕುಪ್ಪಂ ರೈಲಿನಲ್ಲಿ ಬಂದಿದ್ದ. ಸಾಮಾನ್ಯವಾಗಿ ಇಂಥವರು ಸ್ಟೆಲ್ಲಾಳ ಕೈಗೆ ಕೊಟ್ಟು ಹೋಗುತ್ತಾರೆ. ಅವನು ಮಾತ್ರ ನನ್ನನ್ನು ನೋಡಿಯೇ ಹೋಗುತ್ತೇನೆಂದು ಬೆಂಚಿನ ಮೇಲೆ ಕೂತಿದ್ದ.

"ಡಾಕ್ಟ್ರಮ್ಮ, ಇದು ಒಳ್ಳೇದೋ ಕೆಟ್ಟದೋ ಅಷ್ಟು ಏಳಿ ಸಾಕು. ನಾಕೈದು ವರ್ಸ ಆಯ್ತು, ಅವ್ಳಿಗೆ ಯಾವ್ ವಾಸ್ನೇನೂ ಇಲ್ಲ. ಅಳಸಿದ್ ಸಾರ್ನೇ ಬಡಿಸ್ಬುಡ್ತಾಳೆ. ಬೈದ್ರೆ ಒಬ್ಳೇ ಓಗಿ ಕೊಟ್ಗೇಲಿ ಕುಂತ್ಕೊಂಡು ಅಳ್ತಾಳೆ. ಇನ್ನ್ ಬೈಯಲ್ಲ ಅಂತ ಆಣೆ ಮಾಡಿವ್ನಿ" ಎಂದ.

ನಾನು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಮೇಲ್ನೋಟಕ್ಕೆ ಗಾಬರಿಪಡುವಂಥದ್ದೇನೂ ಕಾಣುತ್ತಿಲ್ಲ, ಪೂರ್ತಿ ನೋಡಿ ಹೇಳುತ್ತೇನೆ ಎಂದೆ. ಅವನು ಕೈಮುಗಿದು ಹೋದ.

ಎರಡು ದಿನ ಬಿಟ್ಟು ಸ್ಲೈಡು ತಯಾರಾಯಿತು. ಮಧ್ಯಾಹ್ನದ ಊಟ ಮುಗಿದಿತ್ತು. ಹೊರಗೆ ಸುಡುವ ಬಿಸಿಲು, ಆಟೋಗಳ ಸದ್ದು. ಭೂತ ಬರುವಂಥ ಹೊತ್ತೇ ಅಲ್ಲ. ಸ್ಟೆಲ್ಲಾ ಆಚೆ ಕೋಣೆಯಲ್ಲಿ ಮೇಣ ಕಾಯಿಸುತ್ತಿದ್ದಳು. ನಾನು ಟ್ರೇಯಲ್ಲಿದ್ದ ಸ್ಲೈಡುಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಯಾರದೋ ಪಿತ್ತಕೋಶ, ಯಾರದೋ ಗರ್ಭಕೋಶ. ಆಮೇಲೆ ಮುನಿರತ್ನಮ್ಮನ ಮೂಗು.

ನೋಡಲು ಪಾಠದ ಪುಸ್ತಕದಂತಿತ್ತು. ಮೇಲೆ ನವಿರಾದ ರೋಮಗಳ ಸಾಲು, ಅದರ ಕೆಳಗೆ ದಪ್ಪಗಾದ ಗುಲಾಬಿ ಗೆರೆ, ಅದಕ್ಕೂ ಕೆಳಗೆ ತೆಳುನೀರು ತುಂಬಿ ಉಬ್ಬಿದ ಜಾಗ. ಅದರ ತುಂಬ ಕಿತ್ತಳೆಗೆಂಪು ಚುಕ್ಕೆಗಳಿದ್ದ ಜೀವಕೋಶಗಳು ರಾಗಿ ಚೆಲ್ಲಿದ ಹಾಗೆ. ಅಲರ್ಜಿ, ಉಬ್ಬಸ ಇರುವವರಲ್ಲಿ ಇವು ಹೀಗೆ ತುಂಬಿಕೊಳ್ಳುತ್ತವೆ. ಇಂಥ ಪಾಲಿಪ್ ತೆಗೆದರೂ ಮತ್ತೆ ಬೆಳೆಯುವುದು ಹೆಚ್ಚು. ಬೂಷ್ಟಿಲ್ಲ, ಗಂಟಿಲ್ಲ, ಕ್ಯಾನ್ಸರಿಲ್ಲ. ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣವೆಂದು ದೊಡ್ಡ ಲೆನ್ಸಿಗೆ ತಿರುಗಿಸಿದೆ.

ಆಗ ಗ್ಯಾಸ್ ವಾಸನೆ ಬಂತು.

ಅಡುಗೆ ಗ್ಯಾಸಿನ ವಾಸನೆ. ಕೊಳೆತ ಕೋಸಿನಂಥ, ಗಂಟಲಿಗೆ ಇಳಿಯುವ ವಾಸನೆ. ಯಾವ ಸಂಶಯಕ್ಕೂ ಎಡೆಯಿಲ್ಲದಷ್ಟು ದಟ್ಟವಾಗಿ ಬಂತು. ಥಟ್ಟನೆ ತಲೆ ಎತ್ತಿದೆ. "ಸ್ಟೆಲ್ಲಾ, ಏನೂ ಹಚ್ಚಬೇಡ, ಗ್ಯಾಸ್ ಲೀಕಾಗ್ತಿದೆ" ಎಂದು ಕೂಗಿದೆ. ನಮ್ಮಲ್ಲಿ ಗ್ಯಾಸೇ ಇಲ್ಲ ಎಂಬುದು ಕೂಗಿದ ಮೇಲೆ ನೆನಪಾಯಿತು. ನಾವು ಟೀ ಕಾಯಿಸುವುದೂ ಕರೆಂಟಿನ ಕೆಟ್ಲಿನಲ್ಲಿ.

ಸ್ಟೆಲ್ಲಾ ಓಡಿಬಂದಳು. ನಿಂತು ಮೂಸಿದಳು. "ಐಯೋ ಮೇಡಮ್, ಒಣ್ಣೂ ಇಲ್ಲ. ಫಾರ್ಮಲಿನ್ ವಾಸ್ನೆ ಮಾತ್ರ ಬರ್ತದೆ" ಎಂದಳು. ನನಗೂ ಅಷ್ಟರಲ್ಲಿ ಏನೂ ಬರುತ್ತಿರಲಿಲ್ಲ. ಟೀ ಅಂಗಡಿಯದಿರಬೇಕು ಎಂದು ಕೆಳಗಿಳಿದು ಹೋಗಿ ಕೇಳಿದೆ. ಅಂಗಡಿಯವನು ಸಿಲಿಂಡರನ್ನು ಮುಟ್ಟಿ ನೋಡಿ, ಟ್ಯೂಬು ತಿರುಗಿಸಿ ನೋಡಿ, ಎಲ್ಲ ಸರಿಯಾಗಿದೆ ಎಂದು ತೋರಿಸಿದ. ಮೇಲೆ ಬಂದು ಮತ್ತೆ ಕೂತೆ. ಲೆನ್ಸಿಗೆ ಕಣ್ಣಿಟ್ಟೆ. ಮತ್ತೆ ಅದೇ ವಾಸನೆ, ಮೊದಲಿಗಿಂತ ಜೋರಾಗಿ.

ನಾನು ಪರೀಕ್ಷೆ ಮಾಡುವ ಜಾತಿಯವಳು. ಹೆದರಿಕೆ ಆಮೇಲೆ, ಪರೀಕ್ಷೆ ಮೊದಲು. ಆ ಸ್ಲೈಡು ತೆಗೆದು ಪಿತ್ತಕೋಶದ್ದನ್ನು ಇಟ್ಟೆ. ವಾಸನೆ ಇಲ್ಲ. ಬೇರೆ ಯಾರದೋ ಮೂಗಿನ ಹಳೆ ಸ್ಲೈಡೊಂದನ್ನು ಪೆಟ್ಟಿಗೆಯಿಂದ ತೆಗೆಸಿ ಇಟ್ಟೆ. ಇಲ್ಲ. ಮುನಿರತ್ನಮ್ಮನದನ್ನು ಇಟ್ಟ ಕೂಡಲೇ ಬಂತು. ತಲೆ ಎತ್ತಿದರೆ ಹೋಗುತ್ತದೆ, ಬಗ್ಗಿಸಿದರೆ ಬರುತ್ತದೆ. ಸ್ಲೈಡನ್ನೇ ಕೈಯಲ್ಲಿ ಹಿಡಿದು ಮೂಸಿದೆ. ಗಾಜಿಗೆ ಏನೂ ವಾಸನೆಯಿರಲಿಲ್ಲ. ಸ್ಟೆಲ್ಲಾಳನ್ನು ಕೂರಿಸಿ ನೋಡಲು ಹೇಳಿದೆ. ಅವಳಿಗೆ ಏನೂ ಬರಲಿಲ್ಲ. ಅವಳು ಏಳುವಾಗ ನನ್ನ ಮುಖ ನೋಡಿದ ರೀತಿ ನನಗೆ ಹಿಡಿಸಲಿಲ್ಲ. "ಮನೆಗೆ ಹೋಗಿ ಮಲಗಿ ಮೇಡಮ್" ಎಂದಳು.

ಇಲ್ಲದ ವಾಸನೆ ಬರುವುದು ಒಂದು ಕಾಯಿಲೆ ಎಂದು ನನಗೆ ಗೊತ್ತಿಲ್ಲದ್ದಲ್ಲ. ಮಿದುಳಿನಲ್ಲಿ ಸಣ್ಣ ಏರುಪೇರಾದರೂ ಬರಬಹುದು, ಅರೆತಲೆನೋವಿಗೂ ಬರಬಹುದು. ನನ್ನಷ್ಟಕ್ಕೆ ಇದನ್ನೇ ಹೇಳಿಕೊಂಡು ವರದಿ ಬರೆದೆ: ಸಾಮಾನ್ಯ ಉರಿಯೂತದ ಪಾಲಿಪ್, ಅಪಾಯಕಾರಿಯಲ್ಲ, ಮರುಕಳಿಸುವ ಸಂಭವವಿದೆ. ಸಹಿ ಹಾಕುವಾಗ ಒಂದು ಯೋಚನೆ ಬಂದು ಕೈ ನಿಂತಿತು. ಈ ಹೆಂಗಸಿಗೆ ವಾಸನೆ ತಿಳಿಯುವುದಿಲ್ಲ. ಇವಳ ಮನೆಯಲ್ಲಿ ಗ್ಯಾಸ್ ಸೋರಿದರೆ ಇವಳಿಗೆ ಹೇಗೆ ಗೊತ್ತಾಗುತ್ತದೆ? ನಾವು ಉರಿಸುವ ಗ್ಯಾಸಿಗೆ ತನ್ನದೇ ವಾಸನೆಯಿಲ್ಲ. ಮನುಷ್ಯರಿಗೆ ಎಚ್ಚರವಾಗಲಿ ಎಂದೇ ಆ ಕೆಟ್ಟ ವಾಸನೆಯನ್ನು ಬೆರೆಸುತ್ತಾರೆ.

ಕೃಷ್ಣಪ್ಪನ ಫೋನಿಗೆ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಅದೇ. ಆಪರೇಷನ್ ಮಾಡಿದ ಸರ್ಜನ್ನಿಗೆ ಹೇಳೋಣವೆಂದರೆ ಏನೆಂದು ಹೇಳಲಿ? ನಿಮ್ಮ ರೋಗಿಯ ಸ್ಲೈಡಿನಿಂದ ಗ್ಯಾಸ್ ವಾಸನೆ ಬರುತ್ತಿದೆ ಎಂದೇ? ಆಮೇಲೆ ಸ್ಕೂಟರ್ ತೆಗೆದು ಬಂಗಾರಪೇಟೆಯ ದಾರಿ ಹಿಡಿದೆ. ನಾಚಿಕೆಯಾಗುತ್ತಿತ್ತು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಪಕ್ಕ ಹೋಗುವಾಗ ಗಾಳಿಗೆ ಬಿಳಿ ಧೂಳೆದ್ದು ಕಣ್ಣು ತುಂಬಿತು. ಅದೇ ನೆಪ ಮಾಡಿಕೊಂಡು ಗಾಡಿ ನಿಲ್ಲಿಸಿ, ವಾಪಸು ಹೋಗಿಬಿಡೋಣವೇ ಎಂದುಕೊಂಡೆ. ಹೋಗಲಿಲ್ಲ.

ಹಳ್ಳಿ ತಲುಪಿ, ಕೇಳಿಕೊಂಡು ಮನೆ ಹುಡುಕುವಾಗ ಹೊತ್ತು ಇಳಿಯುತ್ತಿತ್ತು. ಮನೆ ನೆಟ್ಟಗೆ ನಿಂತಿತ್ತು. ಅಂಗಳದಲ್ಲಿ ಹಸು ಮೆಲುಕು ಹಾಕುತ್ತಿತ್ತು. ಮೂಗಿನ ಕೆಳಗೆ ಒಣಗಿದ ರಕ್ತದ ಗೆರೆಯಿದ್ದ ಹೆಂಗಸೊಬ್ಬಳು ಹೊರಗೆ ಬಂದು ಯಾರೆಂದು ನೋಡಿದಳು. ನಲವತ್ತರ ಆಸುಪಾಸು, ತೆಳ್ಳಗಿನ ಮೈ, ಬಾಯಿ ಸ್ವಲ್ಪ ತೆರೆದೇ ಇರುವ ಅಭ್ಯಾಸ. ಅವಳ ಮೂಗಿನ ಒಳಗನ್ನು ಅಷ್ಟು ಹತ್ತಿರದಿಂದ ನೋಡಿದ್ದ ನಾನು ಅವಳನ್ನು ಮೊದಲ ಸಲ ನೋಡಿದ್ದು ಹೀಗೆ.

ವರದಿಗೆ ಕೆಲವು ವಿಷಯ ಬೇಕಿತ್ತು, ಉಬ್ಬಸ ಇದೆಯೇ, ನೋವಿನ ಮಾತ್ರೆ ತಿಂದರೆ ಹೆಚ್ಚಾಗುತ್ತದೆಯೇ ಎಂದು ಕೇಳಲು ಬಂದೆ ಎಂದೆ. ಸುಳ್ಳಲ್ಲ, ಕೇಳಬೇಕಾದ ಪ್ರಶ್ನೆಗಳೇ. ಅದಕ್ಕಾಗಿ ಯಾವ ಡಾಕ್ಟರೂ ಹಳ್ಳಿಗೆ ಸ್ಕೂಟರಿನಲ್ಲಿ ಬರುವುದಿಲ್ಲ ಎಂಬುದು ಬೇರೆ ಮಾತು. ಅವಳಿಗೆ ಅದೊಂದೂ ವಿಚಿತ್ರವೆನಿಸಲಿಲ್ಲ. ಡಾಕ್ಟರಮ್ಮನೇ ಮನೆಗೆ ಬಂದದ್ದಕ್ಕೆ ಸಂಭ್ರಮಪಟ್ಟು ಚಾಪೆ ಹಾಸಿದಳು. ಕೇಳಿದ್ದಕ್ಕಿಂತ ಹೆಚ್ಚು ಹೇಳಿದಳು.

"ಮೂಗಿಗ್ ತುರ್ಕಿದ್ ಅತ್ತಿ ತೆಗ್ದ್ ಮ್ಯಾಲೆ ಎಲ್ಡ್ ದಿನ ಬರೀ ರಕ್ತದ್ ವಾಸ್ನೆ. ಇವತ್ ನಸುಕ್ನಲ್ಲಿ ಕರೂಗೆ ಮುತ್ತಿಡಾಕೆ ಓದೆ ನೋಡಿ, ಅದ್ರ ಬಾಯಿಂದ ಆಲ್ ವಾಸ್ನೆ ಬಂತು! ಅಂಗೇ ನಿಂತ್ಬುಟ್ಟೆ ಡಾಕ್ಟ್ರಮ್ಮ. ಇವ್ರನ್ನ ಕರ್ದು, ಬನ್ರೀ ನನ್ಗೆ ವಾಸ್ನೆ ಬತ್ತೈತೆ ಅಂತ ಕೂಗ್ದೆ. ಅಕ್ಕಪಕ್ಕದೋರು ಏನಾಯ್ತೋ ಅಂತ ಓಡ್ಬಂದ್ರು."

ಅವಳು ಹೇಳುತ್ತ ಹೇಳುತ್ತ ನಗುತ್ತಿದ್ದಳು. ಬಂಗಾರಪೇಟೆಯ ಪಾನಿಪೂರಿ ತಿಂದು ಎಷ್ಟೋ ಕಾಲವಾಯಿತಂತೆ, ಖಾರ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲವಾದ್ದರಿಂದ ಬಿಟ್ಟೇಬಿಟ್ಟಿದ್ದಳಂತೆ. ಮೂಗು ಪೂರ್ತಿ ವಾಸಿಯಾದ ದಿನ ಗಂಡ ಕರೆದುಕೊಂಡು ಹೋಗಿ ಹೊಟ್ಟೆ ತುಂಬ ತಿನ್ನಿಸಬೇಕೆಂದು ಕರಾರಾಗಿತ್ತು.

ಅಷ್ಟರಲ್ಲಿ ಕೃಷ್ಣಪ್ಪನೂ ಬಂದ. ನನ್ನನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಕೆಟ್ಟ ಸುದ್ದಿಯೆಂದುಕೊಂಡಿರಬೇಕು. ಏನೂ ಇಲ್ಲ, ಕ್ಯಾನ್ಸರಿಲ್ಲ, ಒಳ್ಳೆಯದೇ ಎಂದು ಮೊದಲು ಹೇಳಿದೆ. ಅವನು ಗೋಡೆಗೊರಗಿ ಕೂತುಬಿಟ್ಟ. ಆಮೇಲೆ ಮೆಲ್ಲಗೆ, ವಾಸನೆ ತಿಳಿಯದವರ ಮನೆಯಲ್ಲಿ ಗ್ಯಾಸಿನ ವಿಷಯದಲ್ಲಿ ಎಚ್ಚರವಿರಬೇಕು, ಒಮ್ಮೆ ನೋಡುತ್ತೇನೆ ಎಂದು ಅಡುಗೆಮನೆಗೆ ಹೋದೆ. ಸಿಲಿಂಡರಿನ ಹತ್ತಿರ ಬಗ್ಗಿ ಮೂಸಿದೆ. ನನ್ನ ಮೂಗಿಗೆ ಏನೂ ಬರಲಿಲ್ಲ. ಕೃಷ್ಣಪ್ಪನಿಗೂ ಬರಲಿಲ್ಲ. ಸೋಪಿನ ನೀರು ಮಾಡಿಸಿ ಟ್ಯೂಬಿನ ಉದ್ದಕ್ಕೂ, ಕೂಡುವ ಜಾಗಗಳಿಗೂ ಹಚ್ಚಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ.

"ಗ್ಯಾಸ್ ತಂದಾಕೋರೂ ಇಷ್ಟು ನೋಡಲ್ಲ ಕಣೇ" ಎಂದು ಕೃಷ್ಣಪ್ಪ ಹೆಂಡತಿಗೆ ಹೇಳಿದ. ಇಬ್ಬರೂ ನಕ್ಕರು. ನಾನೂ ನಕ್ಕೆ. ಬರೀ ನಕ್ಕು ಬಂದುಬಿಡಬೇಕಿತ್ತೋ ಏನೋ. ಡಾಕ್ಟರರಿಗೆ ಬರಿಗೈಯಲ್ಲಿ ವಾಪಸಾಗಿ ಅಭ್ಯಾಸವಿಲ್ಲ, ಏನಾದರೊಂದು ಸಲಹೆ ಕೊಡಬೇಕು. "ಟ್ಯೂಬು ಹಳೆಯದಾಗಿದೆ, ಬದಲಾಯಿಸಿಬಿಡಿ" ಎಂದೆ. ಆಗಲಿ ಎಂದ. ಮೂಗಿಗೆ ಕೊಟ್ಟಿರುವ ಸ್ಪ್ರೇಯನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಗೆಡ್ಡೆ ಮತ್ತೆ ಬೆಳೆಯುತ್ತದೆ ಎಂದು ಮುನಿರತ್ನಮ್ಮನಿಗೆ ಹೇಳಿದೆ. ಅವಳು ಒಂದು ಲೋಟ ಬಿಸಿಹಾಲು ಕೊಟ್ಟಳು. ಕುಡಿಯುವ ಮುಂಚೆ, "ಸೀದಿಲ್ಲ, ನಾನೇ ಮೂಸಿ ನೋಡಿವ್ನಿ" ಎಂದಳು.

ಮರುದಿನ ಆ ಸ್ಲೈಡನ್ನು ಮತ್ತೆ ಇಟ್ಟು ನೋಡಿದೆ. ಯಾವ ವಾಸನೆಯೂ ಇರಲಿಲ್ಲ. ಪೆಟ್ಟಿಗೆಗೆ ಸೇರಿಸಿದೆ. ನನ್ನ ತಲೆಯ ಸ್ಕ್ಯಾನ್ ಮಾಡಿಸಿದೆ, ನರಗಳ ಡಾಕ್ಟರಿಗೆ ತೋರಿಸಿದೆ. ಎಲ್ಲ ಸರಿಯಾಗಿದೆ, ಸುಸ್ತಾಗಿದ್ದೀರಿ, ಕೆಲಸ ಕಡಿಮೆ ಮಾಡಿ ಎಂದರು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಅಂಥ ವಾಸನೆ ನನಗೆ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ದಿನ ಕಳೆದ ಹಾಗೆ ಇದನ್ನು ನನ್ನ ಮೇಲೆ ನಾನೇ ಮಾಡಿಕೊಳ್ಳುವ ತಮಾಷೆಯಾಗಿ ಒಬ್ಬಿಬ್ಬರು ಸ್ನೇಹಿತರಿಗೆ ಹೇಳಿದ್ದೂ ಉಂಟು.

ಬೇಸಿಗೆ ಹೋಯಿತು, ಮಳೆ ಬಂತು, ಚಳಿ ಬಂತು. ಒಂದು ದಿನ ಆ ಸರ್ಜನ್ ಬೇರೆ ಯಾವುದೋ ರೋಗಿಯ ವರದಿ ಕೇಳಲು ಫೋನ್ ಮಾಡಿದವರು, ಇಡುವ ಮುಂಚೆ, "ನೀವು ನೋಡಿದ್ರಲ್ಲ ಆ ಪಾಲಿಪ್ ಕೇಸು, ಮುನಿರತ್ನಮ್ಮ ಅಂತ. ಪಾಪ, ಹೋಗಿಬಿಟ್ಟಳು" ಎಂದರು.

ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಅವರೇ ಹೇಳಿದರು. ಸ್ಪ್ರೇ ಹಾಕಿದರೆ ಮೂಗಿನಿಂದ ರಕ್ತ ಬರುತ್ತದೆಂದು ಅವಳು ನಿಲ್ಲಿಸಿದ್ದಳು. ಗೆಡ್ಡೆ ಮತ್ತೆ ಬೆಳೆದು ವಾಸನೆ ಪೂರ್ತಿ ಹೋಗಿತ್ತು. ಎರಡನೇ ಆಪರೇಷನ್ನಿಗೆ ಬರಲು ಹೇಳಿದ್ದರು. ಅಷ್ಟರೊಳಗೆ ಹೀಗಾಯಿತು. ಚಳಿಗೆ ಕಿಟಕಿಯೆಲ್ಲ ಮುಚ್ಚಿದ್ದರು. ನಸುಕಿನಲ್ಲೆದ್ದು ಗಂಡನ ಡಬ್ಬಿಗೆ ಅಡುಗೆ ಮಾಡಲು ಒಲೆ ಹಚ್ಚಿದ್ದಾಳೆ. ಕೋಲಾರದ ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದುಕೊಂಡಿದ್ದಳು.

ಫೋನ್ ಇಟ್ಟು ಆ ಸ್ಲೈಡನ್ನು ಪೆಟ್ಟಿಗೆಯಿಂದ ತೆಗೆಸಿದೆ. ಲೆನ್ಸಿನ ಕೆಳಗಿಟ್ಟು ಕಣ್ಣಿಟ್ಟೆ. ಅದೇ ರೋಮಗಳ ಸಾಲು, ಅದೇ ಗುಲಾಬಿ ಗೆರೆ, ಅದೇ ಕೆಂಪು ಚುಕ್ಕೆಗಳು. ಇಡೀ ಹೆಂಗಸು ಸುಟ್ಟುಹೋಗಿ, ಅವಳ ಮೈಯ ಈ ಒಂದು ತುಣುಕು ಮಾತ್ರ ಬಣ್ಣಬಣ್ಣವಾಗಿ ನನ್ನೆದುರು ಉಳಿದುಕೊಂಡಿತ್ತು. ನಾನು ಉಸಿರೆಳೆದು ಎಳೆದು ಮೂಸಿದೆ. ವಾಸನೆ ಬರಲಿ ಎಂದು ಬೇಡಿಕೊಂಡೆ ಎಂದರೂ ತಪ್ಪಲ್ಲ. ಈಗ ಬಂದಿದ್ದರೆ ನನ್ನ ತಲೆಯೇ ಕೆಟ್ಟಿದೆ ಎಂದಾದರೂ ತೀರ್ಮಾನವಾಗುತ್ತಿತ್ತು. ಬರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಸ್ಟೆಲ್ಲಾ ಬಂದು ಸೂಕ್ಷ್ಮದರ್ಶಕದ ದೀಪ ಆರಿಸಿದಳು. "ಪೋದುಂ ಮೇಡಮ್, ಸಾಕು ಬಿಡಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ವಾಸನೆ ಬಂದ ಆ ಮಧ್ಯಾಹ್ನ ನನ್ನ ಜೊತೆಗಿದ್ದವಳು ಅವಳೊಬ್ಬಳೇ. ಅವತ್ತಿನಿಂದ ಇವತ್ತಿನವರೆಗೂ ನಾವಿಬ್ಬರೂ ಆ ವಿಷಯ ಮಾತಾಡಿಲ್ಲ.

ತಿಥಿ ಕಳೆದ ಮೇಲೆ ಹಳ್ಳಿಗೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ, ಹೋಗದೆ ಇರಲಾಗಲಿಲ್ಲ ಎನ್ನುವುದೊಂದೇ ಉತ್ತರ. ಮನೆಯ ಒಂದು ಪಕ್ಕದ ಗೋಡೆ ಕಪ್ಪಾಗಿತ್ತು. ಅಡುಗೆಮನೆಯ ಹೆಂಚು ಹಾರಿಹೋಗಿ ಮೇಲೆ ತಗಡು ಮುಚ್ಚಿದ್ದರು. ಮಾಲೂರಿಗೆ ಕೊಟ್ಟಿದ್ದ ಮಗಳು ಬಂದು ಅಪ್ಪನ ಜೊತೆಗಿದ್ದಳು. ಕೃಷ್ಣಪ್ಪ ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ನೋಡಿ ಏಳಲು ಹೋದ, ಬೇಡವೆಂದು ಪಕ್ಕದಲ್ಲಿ ಕೂತೆ.

ಅವನೇ ಮಾತು ತೆಗೆದ. ಕೇಳಿದವರಿಗೆಲ್ಲ ಹೇಳಿ ಹೇಳಿ ಸವೆದುಹೋದ ಮಾತಿನ ಹಾಗಿತ್ತು.

"ನಾನು ಆಲ್ ಕರೀತಿದ್ದೆ. ಅವ್ಳು ಅಡ್ಗೆಮನೆ ಬಾಗ್ಲು ತೆಗ್ದ್ಲು ನೋಡಿ, ಇಲ್ಲೀಗಂಟ ಬಂತು ವಾಸ್ನೆ. ರತ್ನಾ, ಒಲೆ ಅಚ್ಬೇಡ ಅಂತ ಕೂಗ್ಕೊಂಡು ಚೆಂಬು ಬಿಸಾಕಿ ಓಡ್ದೆ. ಅವ್ಳು ಒಳ್ಗಿಂದ, ಏನಂದ್ರೀ, ಕೇಳಿಸ್ಲಿಲ್ಲ ಅಂದ್ಲು. ಅಷ್ಟೇ ಡಾಕ್ಟ್ರಮ್ಮ."

ಆಮೇಲೆ ಅವನು ನನ್ನ ಕಡೆ ತಿರುಗದೆ, ನೆಲ ನೋಡುತ್ತಲೇ ಕೇಳಿದ. "ಆವತ್ತು ನೀವು ಯಾಕೆ ಬಂದಿದ್ರಿ?"

ಉಬ್ಬಸದ ವಿಷಯ ಕೇಳಲು ಎಂದು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಸ್ಲೈಡು ಇಟ್ಟದ್ದು, ವಾಸನೆ ಬಂದದ್ದು, ಬೇರೆಯವರ ಸ್ಲೈಡಿಗೆ ಬರದೇ ಇದ್ದದ್ದು, ಅವನ ಫೋನು ಸಿಗದೆ ಸ್ಕೂಟರ್ ಹತ್ತಿದ್ದು. ಹಳ್ಳಿಯ ಮನುಷ್ಯ, ಇದನ್ನು ದೇವರ ಲೆಕ್ಕಕ್ಕೋ ಗಾಳಿಯ ಲೆಕ್ಕಕ್ಕೋ ಹಾಕಿ ಸಮಾಧಾನ ಮಾಡಿಕೊಂಡಾನು ಎಂದುಕೊಂಡಿದ್ದೆ. ಅವನು ಹಾಗೇನೂ ಮಾಡಲಿಲ್ಲ. ಯೋಚನೆ ಮಾಡುತ್ತ ಕೂತ.

"ನೀವು ಏಳಿದ್ರಿ ಅಂತ ಒಸ ಟ್ಯೂಬ್ ಆಕಿದ್ದೆ" ಎಂದ ಕೊನೆಗೆ. "ಬಂಗಾರಪೇಟೆಯಿಂದ ತಂದು ನಾನೇ ಆಕ್ದೆ. ಅದು ನೆಟ್ಗೆ ಕೂರ್ತಿರ್ಲಿಲ್ಲ. ತಂತಿ ಬಿಗ್ದು ಕೂರ್ಸಿದ್ದೆ. ಅದ್ರಿಂದಾನೋ, ಅದ್ರ ಮುಂಚಿನ್ ದಿನ ಗ್ಯಾಸ್ನೋರು ಸಿಲಿಂಡರ್ ಬದಲಾಯಿಸಿದ್ರಲ್ಲ ಅದ್ರಿಂದಾನೋ, ಇಲಿ ಕಡೀತೋ, ಯಾರೂ ಏಳಲ್ಲ. ಎಲ್ಲ ಸುಟ್ಟೋಗಿತ್ತು. ಏನ್ ನೋಡ್ತಾರೆ?"

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಹೋಗದೇ ಇದ್ದಿದ್ದರೆ ಆ ಹಳೆ ಟ್ಯೂಬು ಅಲ್ಲೇ ಇರುತ್ತಿತ್ತು. ಅದಕ್ಕೆ ಸೋಪಿನ ನೀರು ಹಚ್ಚಿ, ಒಂದು ಗುಳ್ಳೆಯೂ ಏಳದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

"ಒಂದ್ ಮಾತು ಡಾಕ್ಟ್ರಮ್ಮ" ಎಂದ ಕೃಷ್ಣಪ್ಪ. ಈಗ ಮುಖ ನೋಡಿದ. "ಆ ವಾಸ್ನೆ ಏನೋ ಏಳಾಕೇ ಬಂತು ಅಂತ ಇಟ್ಕೊಳ್ಳಿ. ಅವ್ಳ್ ಮೂಗಿಂದು ಅದು. ಅವ್ಳಿಗ್ ಬಂದು ಏಳ್ಬೇಕಿತ್ತಲ್ವಾ? ನಿಮ್ಗ್ಯಾಕ್ ಏಳ್ತು?"

ಈ ಪ್ರಶ್ನೆಯನ್ನು ನಾನು ಆಮೇಲೆ ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದೇನೆ. ಕಾಕತಾಳೀಯ ಎನ್ನಬಹುದು. ವಾಸನೆ ತಿಳಿಯದ ಹೆಂಗಸು, ಗ್ಯಾಸಿನ ಒಲೆ, ಚಳಿಗಾಲ, 'ಇದರಲ್ಲಿ ಆಶ್ಚರ್ಯವೇನು' ಎಂದು ನನ್ನ ಸ್ನೇಹಿತರು ಹೇಳಿದ್ದಾರೆ. ನನ್ನ ಮಿದುಳೇ ಅಪಾಯವನ್ನು ಮೊದಲು ಊಹಿಸಿ, ಅದನ್ನು ವಾಸನೆಯಾಗಿ ತೋರಿಸಿರಬಹುದು ಎಂದು ಒಬ್ಬ ಮನೋವೈದ್ಯರು ವಿವರಿಸಿದರು. ಇರಬಹುದು. ಆದರೆ ಯೋಚನೆ ಬಂದದ್ದು ವಾಸನೆ ಬಂದ ಮೇಲೆ, ಮೊದಲಲ್ಲ. ಎಚ್ಚರಿಕೆ ಎಂದುಕೊಂಡರೆ, ಅದನ್ನು ಕೇಳಿ ಎದ್ದು ಹೋದವಳ ಕೈಯಿಂದಲೇ ಅದು ಕೆಟ್ಟದ್ದನ್ನು ಮಾಡಿಸಿತೇ? ಏನೂ ಅಲ್ಲವೆಂದರೆ, ಅದು ಅವಳೊಬ್ಬಳ ಸ್ಲೈಡಿನಲ್ಲೇ ಯಾಕೆ ಬರಬೇಕಿತ್ತು? ಮೂಗಿನ ಪಾಲಿಪ್‌ಗಳು ಈಗಲೂ ಬರುತ್ತಿರುತ್ತವೆ. "ಅಪಾಯಕಾರಿಯಲ್ಲ" ಎಂಬ ಮಾತನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಬರೆಯುತ್ತೇನೆ. ಅಲ್ಲಿ ಕಾಣುವುದು ಅದೇ.

ಅವತ್ತು ನಾನು ಅಲ್ಲಿಂದ ಏಳುವಾಗ, ಕಾಫಿ ಕುಡಿದು ಹೋಗಿ ಎಂದು ಮಗಳು ತಡೆದಳು. ಗ್ಯಾಸನ್ನು ಅವರು ಮತ್ತೆ ಮನೆಯೊಳಗೆ ತಂದಿರಲಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು, ಸೌದೆ ಜೋಡಿಸಿ ಒಲೆ ಮಾಡಿಕೊಂಡಿದ್ದರು. ಮೇಲೆ ಬಯಲು, ಸುತ್ತ ಗಾಳಿ. ಆ ಹುಡುಗಿ ಪಾತ್ರೆಯಿಟ್ಟು, ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡು, ಕಡ್ಡಿ ಗೀರುವ ಮುಂಚೆ ತಲೆಯೆತ್ತಿ ನಿಂತು, ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿ, ಆ ಬಯಲಿನ ಗಾಳಿಯನ್ನು ಮೂಸಿ ನೋಡಿದಳು.